ಹಳೇ ಹಾಸಿನ ತುದಿ

ಇವತ್ತು ಮೊಳಕಾಲ್ಮೂರಿನಲ್ಲಿ ನೇಕಾರರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು, ಗೆಳೆಯರೇ.

ಸೀರೆ ಅಂಚಿನ ಚಿತ್ತಾರ ಮಾಡುವ ಅವರ ಕಂಪ್ಯೂಟರಿಗೆ ವಯಸ್ಸಾಗಿದೆ. ಹೊಸ ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಒಪ್ಪಿಸುವ ಉಪಾಯ ಗೊತ್ತಿದ್ದರಿಂದಲೇ, ಕಂಪ್ಯೂಟರ್ ರಿಪೇರಿ ಮಾಡುವ ನಾನು ಚಳ್ಳಕೆರೆಯಿಂದ ಹೋಗಿದ್ದೆ.

"ಹಳೇ ವಿಂಡೋಸ್ ಪೂರ್ತಿ ಅಳಿಸಿ ಹೊಸದು ಹಾಕ್ತೀನಿ, ಯಜಮಾನ್ರೇ."

"ತಡಿಯಪ್ಪ. ಸೀರೆ ಮುಗೀತು ಅಂತ ಮಗ್ಗದಾಗಿನ ಹಳೇ ಹಾಸು, ಆ ಉದ್ದದ ಎಳೆಗಳನ್ನ, ಪೂರ್ತಿ ಕೀಳಲ್ಲ ನಾವು. ತುದಿ ಬಿಟ್ಟು, ಅದಕ್ಕೆ ಹೊಸ ಎಳೆ ಗಂಟು ಹಾಕ್ತೀವಿ. ನಿನ್ನ ಹೊಸದ್ರಾಗೆ ನನ್ನ ಹಳೇ ಅಂಚಿನ ಚಿತ್ತಾರಗಳು ತೆರೀತಾವಾ?"

ಹಳೆಯದನ್ನು ಮುಟ್ಟದೆ, ಅದೇ ಕಂಪ್ಯೂಟರಿನಲ್ಲಿ ಹೊಸದನ್ನು ಅದರ ಪಕ್ಕದಲ್ಲಿ ಹಾಕಿ ನೋಡಿದೆ. ಹೊಸದರಲ್ಲಿ ಒಂದು ಅಂಚೂ ತೆರೆಯಲಿಲ್ಲ. ಈಗ ಹಳೆಯದು, ಹೊಸದು ಎರಡೂ ಅಲ್ಲೇ ಇವೆ.

"ಎಲ್ಲವನ್ನೂ ಅಳಿಸಲೇ?" ಎಂದು ಹೊಸ ವಿಂಡೋಸ್ ಹಾಕುವಾಗ ಕಂಪ್ಯೂಟರ್ ಪ್ರತಿ ಸಲವೂ ಕೇಳುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಆ ಪ್ರಶ್ನೆಯನ್ನು ಓದಿದ್ದು ಇವತ್ತೇ.