ಹನ್ನೊಂದು ಒಂದುಗಳು

ಕಾರ್ಖಾನೆಯವರೆಲ್ಲ ಅವನನ್ನು ಹಲ್ಲಪ್ಪ ಅಂತಲೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ಗೇರ್ ಗಾಲಿಗಳಿಗೆ ಹಲ್ಲು ಕೊರೆಯುವುದೇ ಅವನ ಕೆಲಸ. ಅವನ ಸ್ವಂತ ಬಾಯಲ್ಲಿ ಮುಂದಿನೆರಡು ಇರಲಿಲ್ಲ, ಅದು ಬೇರೆ ಮಾತು.

ಗಾಲಿಯ ಸುತ್ತ ಹಲ್ಲುಗಳನ್ನು ಸಮನಾಗಿ ಹಂಚಬೇಕಾದರೆ ಮೊದಲು ಅವುಗಳ ಸಂಖ್ಯೆಯನ್ನು ಒಡೆದು ನೋಡಬೇಕು. ನಲವತ್ತೆಂಟು ಸಲೀಸು, ಎರಡುಗಳೂ ಮೂರೂ ಆಗಿ ಉದುರುತ್ತದೆ. ನೂರಿಪ್ಪತ್ತೇಳು ಯಾವುದಕ್ಕೂ ಜಗ್ಗದ ಅವಿಭಾಜ್ಯ, ಅರ್ಧ ದಿನ ತಿನ್ನುತ್ತದೆ. ಹೀಗೆ ಒಡೆಯುವ ಚಾಳಿ ಹತ್ತಿಕೊಂಡು ಅವನು ಬಸ್ ಟಿಕೆಟ್ಟಿನ ನಂಬರನ್ನೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಲೇತಿನವನು ಸೀಮೆಸುಣ್ಣದಲ್ಲಿ ಹನ್ನೊಂದು ಒಂದುಗಳನ್ನು ಸಾಲಾಗಿ ಗೀಚಿ, "ಇದನ್ನ ಒಡಿ ನೋಡೋಣ" ಅಂದ. ಸಾವಿರದ ನೂರ ಹನ್ನೊಂದು ಕೋಟಿ ಚಿಲ್ಲರೆ. ಅದಕ್ಕೇ ಹತ್ತು ವರ್ಷ ಹೋಯಿತು.

ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ ಅಂತ ಅವನ ಹಟ. ಚೌಕುಳಿ ಹಾಳೆಗಳಲ್ಲಿ ಎರಡು, ಅದರ ಮುಂದೆ ಬೆಸ ಸಂಖ್ಯೆಗಳನ್ನು ಬರೆದು, ಮೂರರ ಮಗ್ಗಿಯವನ್ನು ಹೊಡೆದು ಹಾಕಿದ, ಐದರವನ್ನು ಹೊಡೆದ, ಏಳರವನ್ನು ಹೊಡೆದ. ಹೀಗೆ ಲಕ್ಷ ದಾಟುವವರೆಗೆ ಹೋದ ಮೇಲೆ ಉಳಿದವು ಅವಿಭಾಜ್ಯಗಳು; ಆ ಸಂಖ್ಯೆ ಒಡೆಯುವುದಾದರೆ ಅದರ ಚಿಕ್ಕ ತುಂಡು ಇಷ್ಟರೊಳಗೇ ಸಿಗಬೇಕು. ದಿನಕ್ಕೆ ಮೂರರಂತೆ ಅವುಗಳಿಂದ ಭಾಗಿಸುತ್ತ ಹೋದ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಮಿಷನ್ ನಿಲ್ಲಿಸಿ, ಉತ್ತರವನ್ನು ತಿರುಗಿ ಗುಣಿಸಿ ತಾಳೆ ನೋಡುತ್ತಿದ್ದಳು. ಪ್ರತಿ ಸಲವೂ ಶೇಷ ಉಳಿಯಿತು.

ಕೊನೆಗೆ ಹಲ್ಲಪ್ಪ, "ಇದು ಒಡಿಯೋದೇ ಇಲ್ಲ" ಅಂತ ಊಟದ ಕೋಣೆಯಲ್ಲಿ ಎದೆ ಸೆಟೆಸಿ ಸಾರಿದ. ಅದೇ ತಿಂಗಳು ಅವನ ನಿವೃತ್ತಿ. ಮೇಸ್ತ್ರಿ ಹಿತ್ತಾಳೆಯ ಫಲಕವನ್ನೇ ಕೆತ್ತಿಸಿದ: ಮೇಲೆ ಆ ಸಂಖ್ಯೆ, ಕೆಳಗೆ "ಅವಿಭಾಜ್ಯ. ಕಂಡುಹಿಡಿದವನು, ಒಂದು ಹಲ್ಲೂ ತಪ್ಪದ ನಮ್ಮ ಹಲ್ಲಪ್ಪ".

ಭಾಷಣದಲ್ಲಿ ಹೇಳಲಿಕ್ಕೆ ಒಟ್ಟು ಎಷ್ಟು ಭಾಗಾಕಾರ ಮಾಡಿದ್ದು ಅಂತ ಮೇಸ್ತ್ರಿ ಕೇಳಿದ್ದ. ಬೀಳ್ಕೊಡುಗೆಯ ಬೆಳಿಗ್ಗೆ ಹೆಂಡತಿ ಪಟ್ಟಿ ಎಣಿಸಿ, ಲೈಬ್ರರಿಯಿಂದ ತಂದ ಅವಿಭಾಜ್ಯಗಳ ಎಣಿಕೆಯ ಕೋಷ್ಟಕದ ಜೊತೆ ಹೋಲಿಸಿದಳು.

"ರೀ, ಮೂವತ್ತು ಸಾವಿರದೊಳಗೆ ಮೂರು ಸಾವಿರದ ಇನ್ನೂರ ನಲವತ್ತೈದು ಇರಬೇಕಂತೆ. ನಿಮ್ಮದ್ರಲ್ಲಿ ಒಂದು ಕಮ್ಮಿ."

"ನೀನೇ ತಪ್ಪು ಎಣಿಸಿರ್ತೀಯ ಕಣೇ."

"ಎರಡು ಸಲ ಎಣಿಸಿದೆ."

ಇಬ್ಬರೂ ಹಾಳೆಗಳನ್ನು ನೆಲದ ಮೇಲೆ ಹರಡಿ ಕೂತರು. ಒಂದು ಹಾಳೆಯ ಕೊನೆಯ ಸಾಲಿನಲ್ಲಿ ಸಿಕ್ಕಿತು. ಏಳರ ಮಗ್ಗಿ ಹೊಡೆಯುವಾಗ 21651ರ ಬದಲು ಅದರ ಹಿಂದಿನ ಮನೆ 21649ಕ್ಕೆ ಗೀಟು ಬಿದ್ದಿತ್ತು. 21651 ಮೂರರ ಮಗ್ಗಿಯಲ್ಲೇ ಹೋಗಿದ್ದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

ಹಲ್ಲಪ್ಪ ಭಾಗಿಸಿದ. 513239 ಬಂತು. ಶೇಷ ಸೊನ್ನೆ. ಹೆಂಡತಿ ಗುಣಿಸಿದಳು. ಹನ್ನೊಂದು ಒಂದುಗಳು ಒಂದೂ ಹೆಚ್ಚುಕಮ್ಮಿಯಿಲ್ಲದೆ ಬಂದು ನಿಂತವು.

"ಫಲಕ ಆಗೋಗಿದೆ," ಅಂದ ಅವನು, ಅವಳ ಮುಖ ನೋಡದೆ. "ಅಲ್ಲಿ ಯಾರು ಭಾಗಿಸಿ ನೋಡ್ತಾರೆ? ಸುಮ್ನಿದ್ದುಬಿಡೋಣ."

"ನೀವು ಸುಮ್ನಿರ್ತೀರಾ?" ಅಂತಷ್ಟೇ ಕೇಳಿ ಅವಳು ಅವನ ಅಂಗಿಗೆ ಇಸ್ತ್ರಿ ಹಾಕಲು ಎದ್ದಳು.

ಮಧ್ಯಾಹ್ನ ಮೇಸ್ತ್ರಿ ಫಲಕ ಎತ್ತಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿಯ ಪಕ್ಕ ಕೂತಿದ್ದ ಹಲ್ಲಪ್ಪ ಕೈ ಮುಗಿದು ಎದ್ದುನಿಂತ.

"ಇದು ಸುಳ್ಳು. ಆ ಸಂಖ್ಯೆ ಒಡೀತದೆ. ಒಂದು ಮನೆ ತಪ್ಪಿ ಗೀಟು ಎಳ್ದಿದ್ದೆ. ಹತ್ತು ವರ್ಷ ನನ್ನ ಲೆಕ್ಕ ತಾಳೆ ನೋಡಿದ್ದು ಇವಳೇ, ತಪ್ಪು ಹಿಡಿದಿದ್ದೂ ಇವಳೇ."

ಚಪ್ಪಾಳೆ ಗಪ್ಪನೆ ನಿಂತಿತು. ಮೇಸ್ತ್ರಿ ತಬ್ಬಿಬ್ಬಾಗಿ, "ಇರ್ಲಿ ಬಿಡಪ್ಪಾ, ಯಾರು ನೋಡ್ತಾರೆ" ಅಂದ.

ಹಲ್ಲಪ್ಪ ಬಿಡಲಿಲ್ಲ. ಫಲಕ ಇಸಕೊಂಡು ಹೋಗಿ ತನ್ನ ಯಂತ್ರಕ್ಕೆ ಬಿಗಿದ. ನಾಚಿಕೆಯಿಂದ ಕಿವಿ ಕೆಂಪೇರಿತ್ತು. ಸಂಖ್ಯೆಯನ್ನು ಹಾಗೇ ಬಿಟ್ಟು ಕೆಳಗಿನ ಸಾಲುಗಳ ಮೇಲೆ ಕಟರ್ ಓಡಿಸಿದ. ಹಿತ್ತಾಳೆಯ ಪುಡಿ ಉದುರಿತು. ಮೂವತ್ತೆಂಟು ವರ್ಷ ದುಡಿದ ಯಂತ್ರದಲ್ಲಿ ಅವನು ಮಾಡಿದ ಕೊನೆಯ ಕೆಲಸ, ತನ್ನ ಹೊಗಳಿಕೆಯನ್ನು ತಾನೇ ಹೆರೆದು ಹಾಕಿದ್ದು. ಮುಗಿಯುವವರೆಗೂ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.