ಆಪರೇಟರಮ್ಮ ತಲುಪಿಸಿದ ನಂಬರು

ಆಪರೇಟರಮ್ಮನನ್ನು ನಾನು ವರ್ಷಗಟ್ಟಲೆ ಬರೀ ಕಿವಿಯಿಂದ ಬಲ್ಲೆ. ಕಣ್ಣಾರೆ ನೋಡಿದ್ದು ಒಂದೇ ಸಲ, ಅದೂ ಆಗಬಾರದ್ದೆಲ್ಲ ಆದ ಮೇಲೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಫೋನು ಬೆಳಿಗ್ಗೆ ಬೆಳಿಗ್ಗೆಯೇ ಬಡಿದುಕೊಂಡರೆ ಅದು ಅವರದೇ. ಅಲ್ಲಿ ಕೂರುವ ಅವರ ದೊಡ್ಡ ಮಗ ಸೀಟಿನಲ್ಲಿ ಇಲ್ಲದಿದ್ದರೆ ನಾನು ಎತ್ತುತ್ತಿದ್ದೆ.

"ಯಾರು, ಮೇಡಮ್ಮಾ? ನಮ್ಮ ದೊಡ್ಡವನು ಎಲ್ಲಿ ಹೋದ? ಬಂದ್ರೆ ಹೇಳಿ ತಾಯಿ, ಚಿಕ್ಕವನು ಆ ಕಡೆ ಪೋರ್ಟ್ ಬದಲಾಯಿಸಿದ್ದಾನಂತೆ. ಏಳಲ್ಲ, ಹನ್ನೊಂದು. ಎಲ್ಲಿ, ತಿರುಗಿ ಹೇಳಿ ನೋಡೋಣ."

ನಾನು 'ಹನ್ನೊಂದು' ಎಂದು ತಿರುಗಿ ಹೇಳುವ ತನಕ ಅವರು ಫೋನು ಇಡುತ್ತಿರಲಿಲ್ಲ. ನಾನೂ ಈ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವಳೇ. ಆದರೂ ಅವರ ಮುಂದೆ ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಹೇಳುತ್ತಿದ್ದೆ.

ಮದುವೆಗೆ ಮುಂಚಿನಿಂದಲೂ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆಗೆಲ್ಲ ಒಂದು ಊರಿನವರು ಇನ್ನೊಂದು ಊರಿನವರ ಹತ್ತಿರ ಮಾತಾಡಬೇಕೆಂದರೆ ನಡುವೆ ಒಬ್ಬ ಹೆಂಗಸು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ವೈರಿನ ಒಂದು ತುದಿಯನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಚುಚ್ಚಬೇಕಿತ್ತು. ಊರವರ ಸಾವು, ಹೆರಿಗೆ, ವ್ಯಾಪಾರ, ಕದ್ದುಮುಚ್ಚಿ ಆಡುವ ಮಾತು ಎಲ್ಲ ಅವರ ಕೈಯಡಿಯಲ್ಲೇ ಹಾದುಹೋದವು. ತಾನೇ ಲೈನು ಜೋಡಿಸುವ ಮಿಷನ್ನು ಬಂದು ಆ ವೈರು ಚುಚ್ಚುವ ಬೋರ್ಡು ಗುಜರಿಗೆ ಹೋದ ಮೇಲೆ ಅವರನ್ನು ಬಿಲ್ ಕಟ್ಟುವ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿಂದಲೇ ನಿವೃತ್ತರಾದರು. ಹೆಸರು ಮಾತ್ರ ಆಪರೇಟರಮ್ಮ ಎಂದೇ ಉಳಿಯಿತು.

"ಎರಡು ಕಡೆಯೋರೂ ಹಲೋ ಅಂದ್ಮೇಲೆ ಆಪರೇಟರ್ ನಡುವೆ ಇರ್ಬಾರ್ದು ಮೇಡಂ" ಎಂದು ನನಗೊಮ್ಮೆ ಹೇಳಿದ್ದರು. "ಪಟ್ ಅಂತ ಕಿವಿ ತೆಗೀಬೇಕು. ಅದೇ ಮರ್ಯಾದೆ."

ಗಂಡುಮಕ್ಕಳಿಬ್ಬರೂ ನಮ್ಮ ಕಂಪನಿಗೇ ಬಂದರು. ವಯಸ್ಸಿನಲ್ಲಿ ಇಬ್ಬರೂ ನನಗಿಂತ ಚಿಕ್ಕವರು, ಜೊತೆಗೆ ನನಗೆ ಅವರ ಮೇಲೆ ಕೋಪವೂ ಇದೆ. ಆದ್ದರಿಂದ ಏಕವಚನದಲ್ಲೇ ಹೇಳುತ್ತೇನೆ. ನಮ್ಮ ಕೆಲಸ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಒಂದು ಬ್ಯಾಂಕಿಗೋ ಆಸ್ಪತ್ರೆಗೋ ಎರಡು ಊರಿನಲ್ಲಿ ಕಟ್ಟಡ ಇರುತ್ತದೆ. ಎರಡೂ ಒಂದೇ ಕೋಣೆಯಲ್ಲಿವೆಯೇನೋ ಎಂಬಂತೆ ಅವರ ಕಂಪ್ಯೂಟರುಗಳು ಮಾತಾಡಿಕೊಳ್ಳಬೇಕು. ನಡುವೆ ಅಷ್ಟುದ್ದ ನಮ್ಮ ಕೇಬಲ್ಲಿದೆ ಎಂಬುದು ಅವಕ್ಕೆ ಗೊತ್ತೇ ಆಗಬಾರದು. ಇಂಥ ಲೈನನ್ನು ನಾವು ಲೇಯರ್ ಟೂ ವಿಪಿಎನ್ ಎನ್ನುತ್ತೇವೆ. ಲೈನುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಈ ತುದಿಯ ಸ್ವಿಚ್ಚಿನಲ್ಲಿ ಒಬ್ಬ, ಆ ತುದಿಯ ಸ್ವಿಚ್ಚಿನಲ್ಲಿ ಇನ್ನೊಬ್ಬ ಕೂತು ಒಂದೇ ಲೈನ್ ನಂಬರು, ಒಂದೇ ಅಳತೆ ಹಾಕಬೇಕು. ಅಳತೆ ಎಂದರೆ ಒಂದು ಸಲಕ್ಕೆ ಡೇಟಾದ ಎಷ್ಟು ದೊಡ್ಡ ತುಣುಕು ಸಾಗಬಹುದು ಎಂಬ ಲೆಕ್ಕ. ಇವನು ಒಂಬತ್ತು ಸಾವಿರ ಎಂದು, ಅವನು ಸಾವಿರದ ಐನೂರು ಎಂದರೆ ಸ್ವಿಚ್ಚುಗಳು ಒಂದನ್ನೊಂದು ಒಪ್ಪುವುದಿಲ್ಲ, ಲೈನು ಮೇಲೇಳುವುದಿಲ್ಲ, ಏನೂ ಸಾಗುವುದಿಲ್ಲ. ಯಾರದು ಸರಿ, ಯಾರದು ತಪ್ಪು ಎಂಬ ಪ್ರಶ್ನೆ ಅಲ್ಲಿಲ್ಲ. ಇಬ್ಬರೂ ಒಂದೇ ಹೇಳಬೇಕು, ಅಷ್ಟೆ.

ಚಿಕ್ಕವನಿಗೆ ಕೆಲಸ ಕಲಿಸಿದವನು ದೊಡ್ಡವನೇ. ಒಂದು ದಿನ ಚಿಕ್ಕವನು ಆತುರದಲ್ಲಿ ಒಂದು ಲೈನಿನ ಎರಡು ತುದಿಯನ್ನೂ ಒಂದೇ ಕಡೆ ಜೋಡಿಸಿಬಿಟ್ಟ. ಹಾಗೆ ಮಾಡಿದರೆ ಡೇಟಾ ಹೊರಗೆ ಹೋಗದೆ ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತುತ್ತದೆ, ಸುತ್ತಿದಷ್ಟೂ ಬೆಳೆಯುತ್ತದೆ. ಅರ್ಧ ಊರಿನ ಬ್ಯಾಂಕುಗಳು ನಿಂತುಹೋದವು. ವಿಚಾರಣೆ ನಡೆಯಿತು. ದೊಡ್ಡವನನ್ನು ಕರೆದು ಕೇಳಿದರು. ಅವನು ಕಡ್ಡಿ ಮುರಿದ ಹಾಗೆ ಹೇಳಿದ: "ತಪ್ಪು ನನ್ನ ತಮ್ಮಂದೇ."

ಮಾತು ನಿಜವೇ. ಚಿಕ್ಕವನನ್ನು ದೂರದ ಸಣ್ಣ ಊರಿನ ಎಕ್ಸ್‌ಚೇಂಜಿಗೆ ಎತ್ತಿಹಾಕಿದರು. ಹೋಗುವ ದಿನ ಅವನು ನನ್ನ ಮೇಜಿನ ಹತ್ತಿರ ನಿಂತು, ಅಣ್ಣನಿಗೆ ಕೇಳಿಸಲಿ ಎಂದೇ, "ನಾನು ತಪ್ಪೇ ಮಾಡಿಲ್ಲ ಅನ್ಲಿ ಅಂತ ಕೇಳ್ಲಿಲ್ಲ ಅಕ್ಕ. ಒಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು" ಎಂದ. ದೊಡ್ಡವನು ಸ್ಕ್ರೀನಿನಿಂದ ಕಣ್ಣು ಎತ್ತಲಿಲ್ಲ. ಅವತ್ತಿಗೆ ಇಬ್ಬರ ಮಾತು ನಿಂತಿತು. ಆಪರೇಟರಮ್ಮ ಚಿಕ್ಕ ಮಗ ಸೊಸೆಯ ಜೊತೆ ಆ ಊರಿಗೇ ಹೋದರು.

ತಮಾಷೆ ಎಂದರೆ, ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಲೈನುಗಳ ಎರಡು ತುದಿಗೆ ಬಂದು ಕೂತರು. ಆ ಊರಿನಿಂದ ಬರುವ ಲೈನೆಲ್ಲ ದೊಡ್ಡವನ ಸ್ವಿಚ್ಚಿಗೇ ಸೇರಬೇಕು. ಆಫೀಸಿನ ದಾರಿ ಹಿಡಿದು ಬರೆದು ಕಳಿಸಿದರೆ ಉತ್ತರ ಬರುವಷ್ಟರಲ್ಲಿ ದಿನಗಟ್ಟಲೆ. ಹಾಗಾಗಿ ದೊಡ್ಡವನು ಅಮ್ಮನಿಗೆ ಫೋನು ಮಾಡುತ್ತಿದ್ದ. ಅಮ್ಮ ಚಿಕ್ಕವನಿಗೆ ಹೇಳುತ್ತಿದ್ದರು. ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ನಮ್ಮ ಮ್ಯಾನೇಜರಿಗೂ ಇದು ಗೊತ್ತು. "ಅಮ್ಮನಿಗೆ ಹೇಳ್ಸಿದ್ರಾ?" ಎಂದು ಅವನೇ ನಗುತ್ತಾ ಕೇಳುತ್ತಿದ್ದ. ನಾವೂ ಹಲ್ಲು ಕಿಸಿಯುತ್ತಿದ್ದೆವು. ಈಗ ನೆನೆಸಿಕೊಂಡರೆ ನಮ್ಮೆಲ್ಲರ ಮುಖಕ್ಕೂ ಹೊಡೆಯಬೇಕು ಅನಿಸುತ್ತದೆ. ಇಡೀ ಕಂಪನಿ ಒಬ್ಬ ಮುದುಕಿಯ ನಾಲಿಗೆಯ ಮೇಲೆ ನಡೆಯುತ್ತಿತ್ತು.

ಅಮ್ಮ ನಂಬರನ್ನು ಒಂದಿಷ್ಟೂ ಕೆಡಿಸುತ್ತಿರಲಿಲ್ಲ. ಕೆಡಿಸುತ್ತಿದ್ದುದು ಉಳಿದ ಮಾತನ್ನು. "ಆ ದಡ್ಡನಿಗೆ ಹೇಳು, ಆರುನೂರ ನಾಲ್ಕು ಅಂತ" ಎಂದು ಇವನು ಹಲ್ಲು ಕಡಿದರೆ ಅಲ್ಲಿಗೆ ಹೋಗುವಾಗ, "ಅಣ್ಣ ಕೇಳ್ತಿದ್ದಾನಪ್ಪ, ಆರುನೂರ ನಾಲ್ಕು ಹಾಕ್ತೀಯಾ ಅಂತ" ಎಂದಾಗುತ್ತಿತ್ತು. ಬೈಗುಳವೆಲ್ಲ ಅವರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

"ಇದು ಎಷ್ಟು ದಿನ ಅಮ್ಮಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ನಾನು ಕಣ್ಣು ಮುಚ್ಚೋದ್ರೊಳಗೆ ಅವರಿಬ್ಬರೂ ಒಂದ್ಸಲ ನೇರ ಹಲೋ ಅಂದ್ಬಿಡ್ಲಿ ಮೇಡಂ. ಆಮೇಲೆ ನಾನು ಕಿವಿ ತೆಗೆದ್ಬಿಡ್ತೀನಿ. ನನಗೆ ಬೇರೇನೂ ಬೇಡ" ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಆ ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇದೆ, ಸ್ಕ್ಯಾನು ನೋಡಿ ಹೇಳುವ ಡಾಕ್ಟರಿಲ್ಲ. ಚಿತ್ರ ನಮ್ಮ ಲೈನಿನಲ್ಲಿ ಇಲ್ಲಿನ ದೊಡ್ಡ ಆಸ್ಪತ್ರೆಗೆ ಬರಬೇಕು, ಇಲ್ಲಿನ ಡಾಕ್ಟರು ನೋಡಿ ಹೇಳಬೇಕು. ನಮ್ಮಲ್ಲಿ ಹೊಸ ಸ್ವಿಚ್ ಬಂದು, ದೊಡ್ಡವನು ಹಳೆಯದರಿಂದ ಒಂದೊಂದೇ ಲೈನನ್ನು ಅದಕ್ಕೆ ಸರಿಸುತ್ತಿದ್ದ. ಆಸ್ಪತ್ರೆ ಲೈನಿನ ಸರದಿ ಬಂದ ಬೆಳಿಗ್ಗೆ ಎಂದಿನಂತೆ ಅಮ್ಮನಿಗೆ ಫೋನು ಮಾಡಿದ. ಪಕ್ಕದಲ್ಲೇ ಇದ್ದ ನನಗೆ ಆ ಕಡೆಯ ದನಿಯೂ ಕೇಳುತ್ತಿತ್ತು.

"ಇವತ್ತು ಆಸ್ಪತ್ರೆ ಲೈನ್ ಹೊಸದಕ್ಕೆ ಹಾಕ್ತೀನಿ. ಆ ಕಡೆ ಒಂಬತ್ತು ಸಾವಿರ ಮಾಡ್ಬೇಕು. ಹೇಳಿಬಿಡು."

"ಆಸ್ಪತ್ರೆ ಲೈನ್. ಒಂಬತ್ತು ಸಾವಿರ. ಇನ್ನೂ ಮನೆಯಲ್ಲೇ ಇದ್ದಾನೆ, ಸ್ನಾನಕ್ಕೆ ಹೋಗಿದ್ದಾನೆ, ಬಂದ್ಕೂಡ್ಲೆ ಹೇಳ್ತೀನಿ. ನೀನು ತಿಂಡಿ ತಿಂದ್ಯೇನೋ?"

ಆಪರೇಟರಮ್ಮ ಪೂರ್ತಿಯಾಗಿ ಆಡಿದ ಕೊನೆಯ ಮಾತು ಅದು. ಚಿಕ್ಕವನು ಸ್ನಾನ ಮುಗಿಸಿ, ಅಮ್ಮ ಹಿತ್ತಲಲ್ಲಿರಬೇಕು ಎಂದುಕೊಂಡು ಹೊರಟುಹೋದ. ಸೊಸೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವಳು ಕೆಳಗಿಳಿದು ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಲಗೈ, ಬಲಗಾಲು ಸತ್ತ ಹಾಗಿದ್ದವು. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು.

ಇತ್ತ ದೊಡ್ಡವನು ಲೈನನ್ನು ಸರಿಸಿ ಕೂತಿದ್ದ. ಅದು ಮೇಲೇಳಲಿಲ್ಲ. ಸ್ಕ್ರೀನಿನಲ್ಲಿ ಎರಡೂ ತುದಿಯ ಅಳತೆ ಕಾಣುತ್ತದೆ: ಇಲ್ಲಿ ಒಂಬತ್ತು ಸಾವಿರ, ಅಲ್ಲಿ ಸಾವಿರದ ಐನೂರು. "ಬೇಕಂತ್ಲೇ ಮಾಡ್ತಿದ್ದಾನೆ" ಎಂದು ಗೊಣಗಿದ. ಅತ್ತ ಚಿಕ್ಕವನಿಗೂ ಅದೇ ಸ್ಕ್ರೀನು. ಅಣ್ಣ ಹೇಳದೆ ಕೇಳದೆ ಬದಲಾಯಿಸಿದ್ದಾನೆ, ಅವನೇ ಸರಿ ಮಾಡಲಿ ಎಂದು ಅವನು ಕೂತ. ಇಬ್ಬರೂ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಆಗ ದೊಡ್ಡವನ ಫೋನು ಬಡಿಯಿತು. ತಮ್ಮನ ಹೆಂಡತಿ.

"ಭಾವ, ಅತ್ತೆ ಬಿದ್ಬಿಟ್ಟಿದ್ದಾರೆ. ಇವರ ಫೋನ್ ಬ್ಯುಸಿ ಬರ್ತಿದೆ. ಆಸ್ಪತ್ರೇಲಿದೀವಿ. ಸ್ಕ್ಯಾನ್ ಆಗಿದೆ, ಆದ್ರೆ ಚಿತ್ರ ಹೋಗ್ತಿಲ್ವಂತೆ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ಯೋ, ಸೋರ್ತಿದ್ಯೋ ಗೊತ್ತಾಗ್ದೆ ಇಂಜೆಕ್ಷನ್ ಕೊಡಲ್ಲ ಅಂತಿದ್ದಾರೆ. ಮೊಬೈಲಲ್ಲಿ ಫೋಟೋ ತೆಗೆದು ಕಳಿಸಿದ್ರೆ ಅದು ಸ್ಪಷ್ಟ ಇಲ್ವಂತೆ. ತಡ ಆದ್ರೆ ಆ ಇಂಜೆಕ್ಷನ್ ಕೊಡೋಕಾಗಲ್ವಂತೆ ಭಾವ."

ಅವನು ನನಗೆ ಏನೂ ಹೇಳಲಿಲ್ಲ. ನಾನು ಒಂದು ಬ್ಯಾಂಕಿನವರ ಕೂಗಾಟ ಕೇಳುತ್ತಾ ಫೋನಿನಲ್ಲಿ ಮುಳುಗಿದ್ದೆ. ಜೀವಮಾನದಲ್ಲಿ ಯಾರಿಗೂ ಸೋಲದ ಆ ಮನುಷ್ಯ ಅವತ್ತು ಸೋತ. ತನ್ನ ಒಂಬತ್ತು ಸಾವಿರವನ್ನು ಅಳಿಸಿ ತಮ್ಮನ ಸಾವಿರದ ಐನೂರು ಹಾಕಲು ಕೂತ. ಹೊಸ ಸ್ವಿಚ್ಚಿನಲ್ಲಿ ಅಳತೆ ಬದಲಾಗಬೇಕಾದರೆ ಲೈನನ್ನು ಪೂರ್ತಿ ಕಿತ್ತು ಮತ್ತೆ ಕಟ್ಟಬೇಕು. ಅದಕ್ಕೆ ಅದರದೇ ಹೊತ್ತು ಹಿಡಿಯುತ್ತದೆ.

ಅಷ್ಟರಲ್ಲಿ ಸೊಸೆಗೆ ಗಂಡನ ಫೋನೂ ಸಿಕ್ಕಿತು. ಅವನು ಆಸ್ಪತ್ರೆಗೆ ಓಡಿಹೋಗುವಂತಿರಲಿಲ್ಲ, ಲೈನು ಎಬ್ಬಿಸಬೇಕಾದವನೇ ಅವನು. "ಅತ್ತೆಗೆ ಮಾತು ಹೋಗಿದೆ ಕಣ್ರೀ. ಏನು ಕೇಳಿದ್ರೂ ಒಂಬತ್ತು, ಒಂಬತ್ತು ಅಂತಾರೆ. ಯಾಕೆ ಅಂತ ಗೊತ್ತಾಗ್ತಿಲ್ಲ" ಎಂದಳು.

ಅವನಿಗೆ ಗೊತ್ತಾಯಿತು. ಬಿದ್ದು, ಬಾಯಿ ಸೊಟ್ಟಗಾಗಿ, ಅರ್ಧ ದೇಹ ಹೋದ ಮೇಲೂ ಆ ಹೆಂಗಸು ಮಗ ಕೊಟ್ಟ ನಂಬರನ್ನು ಮಗನಿಗೆ ತಲುಪಿಸಿದ್ದರು. ಅವನು ಅಳುತ್ತಲೇ ತನ್ನ ಸಾವಿರದ ಐನೂರು ಕಿತ್ತು ಒಂಬತ್ತು ಸಾವಿರ ಹಾಕಿದ.

ಈಗ ಇಲ್ಲಿ ಸಾವಿರದ ಐನೂರು, ಅಲ್ಲಿ ಒಂಬತ್ತು ಸಾವಿರ. ಲೈನು ಸತ್ತೇ ಇತ್ತು.

ದೊಡ್ಡವನು ಸ್ಕ್ರೀನು ನೋಡಿ, ತಮ್ಮ ನನ್ನದಕ್ಕೆ ಬಂದಿದ್ದಾನೆ ಎಂದುಕೊಂಡು ಮತ್ತೆ ಒಂಬತ್ತು ಸಾವಿರ ಕಟ್ಟಲು ಕೂತ. ಚಿಕ್ಕವನು ನೋಡಿ, ಅಣ್ಣ ಇಳಿದು ಬಂದಿದ್ದಾನೆ ಎಂದುಕೊಂಡು ಮತ್ತೆ ಸಾವಿರದ ಐನೂರಕ್ಕೆ ಹೋದ. ಇಕ್ಕಟ್ಟಿನ ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಪಕ್ಕಕ್ಕೆ ಸರಿಯುತ್ತಾರಲ್ಲ, ಹಾಗೆ. ಇಬ್ಬರ ಕೈಯಲ್ಲೂ ಫೋನಿತ್ತು. ನನಗೆ ಇವತ್ತಿಗೂ ನುಂಗಲಾಗದ್ದು ಅದೊಂದೇ. ಒಂದು ಮಾತು, 'ನಾನು ಹಾಕ್ತೀನಿ, ನೀನು ಬಿಡು' ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಆಡುವುದಕ್ಕೆ ಅವರಿಗೆ ಅಮ್ಮ ಬೇಕಿತ್ತು.

ಬ್ಯಾಂಕಿನವರ ಫೋನು ಇಟ್ಟು ತಿರುಗಿದರೆ ಇವನು ಮತ್ತೆ ಒಂಬತ್ತು ಸಾವಿರ ಹಾಕಿ ಸ್ಕ್ರೀನು ದಿಟ್ಟಿಸುತ್ತಿದ್ದ. "ಅಕ್ಕ, ಅಮ್ಮ..." ಎಂದ. ಸ್ಕ್ರೀನು ನೋಡಿದೆ, ಎರಡು ಪ್ರಶ್ನೆ ಕೇಳಿದೆ. ಚಿಕ್ಕವನಿಗೆ ನಾನೇ ಫೋನು ಹಚ್ಚಿದೆ.

"ಕೈ ತೆಗಿ ಕೀಬೋರ್ಡಿಂದ. ನಿಮ್ಮಣ್ಣ ಈಗ ಒಂಬತ್ತು ಸಾವಿರದಲ್ಲಿದ್ದಾನೆ, ಅವನು ಇನ್ನು ಮುಟ್ಟಲ್ಲ. ನೀನು ಒಂಬತ್ತು ಸಾವಿರ ಹಾಕು. ತಿರುಗಿ ಹೇಳು."

"ಒಂಬತ್ತು ಸಾವಿರ" ಎಂದ, ಮೂಗೆಳೆಯುತ್ತಾ.

ಲೈನು ಎದ್ದಿತು. ಚಿತ್ರ ಬಂತು. ಇಲ್ಲಿನ ಡಾಕ್ಟರು ನೋಡಿ, ರಕ್ತ ಸೋರಿಲ್ಲ, ಹೆಪ್ಪುಗಟ್ಟಿದೆ, ಇಂಜೆಕ್ಷನ್ ಕೊಡಬಹುದಿತ್ತು ಎಂದರು. ಕೊಡಬಹುದಿತ್ತು. ಬಿದ್ದು ಬಹಳ ಹೊತ್ತಾಗಿದೆ, ಈಗ ಕೊಟ್ಟರೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚು ಎಂದರು. ಅಮ್ಮ ಬಿದ್ದಾಗ ಯಾರೂ ನೋಡದೆ ಹೋದ ಹೊತ್ತಿಗೆ ಯಾರನ್ನೂ ದೂರುವಂತಿಲ್ಲ. ಆಮೇಲೆ ಹೋದ ಹೊತ್ತು ಮಕ್ಕಳದು.

ಕೆಲವು ತಿಂಗಳ ಮೇಲೆ ಆ ಊರಿಗೆ ಹೋಗಿ ಅವರನ್ನು ನೋಡಿದೆ. ದನಿಯಿಂದ ನಾನು ಎತ್ತರದ, ಗಟ್ಟಿ ಹೆಂಗಸೊಬ್ಬರನ್ನು ಕಲ್ಪಿಸಿಕೊಂಡಿದ್ದೆ. ಮಂಚದ ಮೇಲೆ ಒಂದು ಹಿಡಿ ಜೀವ ಮಲಗಿತ್ತು. ಎರಡು ಪಕ್ಕದಲ್ಲಿ ಇಬ್ಬರು ಮಕ್ಕಳು ಕೂತಿದ್ದರು. ದೊಡ್ಡವನು ಈಗ ರಜೆ ಸಿಕ್ಕಿದಾಗಲೆಲ್ಲ ಅಲ್ಲಿಗೆ ಬರುತ್ತಾನೆ. ಇಬ್ಬರೂ ಅಮ್ಮನ ಮೈಮೇಲಿಂದಲೇ ಮಾತಾಡುತ್ತಿದ್ದರು. ಬೆನ್ನು ಹುಣ್ಣಾಗದ ಹಾಸಿಗೆ ಎಲ್ಲಿ ಸಿಗುತ್ತದೆ, ವ್ಯಾಯಾಮ ಮಾಡಿಸುವವನು ಇವತ್ತು ಯಾಕೆ ಬಂದಿಲ್ಲ ಎಂದು. "ಹೌದಣ್ಣ" ಎನ್ನುತ್ತಿದ್ದ ಚಿಕ್ಕವನು. "ನೀನು ಊಟ ಮಾಡು ಹೋಗೋ, ನಾನಿರ್ತೀನಿ" ಎನ್ನುತ್ತಿದ್ದ ದೊಡ್ಡವನು. ಅಮ್ಮ ಬೇಡಿಕೊಂಡಿದ್ದ ಹಲೋ ಅದೇ. ಎರಡು ಕಡೆಯವರೂ ಮಾತಾಡುತ್ತಿದ್ದಾರೆ, ಇನ್ನು ಕಿವಿ ತೆಗೆಯಬಹುದು ಎಂದು ಅವರಿಗೆ ತಿಳಿಸುವುದು ಹೇಗೆ? ನನಗೆ ಅಲ್ಲೇ ಅಳು ಬಂತು.

ಅಮ್ಮ ಎಡಗೈ ಚಾಚಿ ಚಿಕ್ಕವನ ತೋಳು ಹಿಡಿದರು. "ಒಂಬತ್ತು" ಎಂದರು. ಅವರಲ್ಲಿ ಉಳಿದಿರುವ ಮಾತು ಅದೊಂದೇ. ಹಸಿವಾದರೂ ಅದೇ, ನೋವಾದರೂ ಅದೇ.

"ಹಾಕಿದೀನಮ್ಮ. ಲೈನ್ ಬಂದಿದೆ" ಎಂದ ಅವನು.

ಅವರು ತೋಳು ಬಿಡಲಿಲ್ಲ. ಅವನ ಬಾಯಿಯನ್ನೇ ನೋಡುತ್ತಿದ್ದರು.

"ಆಸ್ಪತ್ರೆ ಲೈನ್. ಒಂಬತ್ತು ಸಾವಿರ" ಎಂದು ಅವನು ತಿರುಗಿ ಹೇಳಿದ. ಆಗ ಕೈ ಸಡಿಲವಾಯಿತು, ಕಣ್ಣು ಮುಚ್ಚಿದರು. ಸೊಸೆ ನನಗೆ ಕಾಫಿ ತಂದುಕೊಟ್ಟಳು. ಅದು ಆರುವ ಮೊದಲೇ ಅಮ್ಮ ಮತ್ತೆ ಕಣ್ಣು ತೆರೆದು ಅವನ ತೋಳಿಗೆ ತಡಕಾಡತೊಡಗಿದರು.