ನಾನು ಬಿಟ್ಟ ಒಂದು ಹೆಸರು

ನನ್ನ ಮಗಳ ಮದುವೆ ಕಾರ್ಡಿನಲ್ಲಿ ನನ್ನ ಒಡಹುಟ್ಟಿದ ತಂಗಿಯ ಹೆಸರು ಹಾಕಲಿಲ್ಲ.

ಮರೆತೆ ಎಂದರೆ ನೀವು ನಂಬಬಹುದು. ನಂಬಬೇಡಿ. ಹೊಳೆನರಸೀಪುರದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವವನು ನಾನು. ಏಳನೇ ಕ್ಲಾಸಿಗೆ ಓದು ಬಿಟ್ಟು ಅಚ್ಚಿನ ಮೊಳೆ ಜೋಡಿಸಲು ಕುಳಿತೆ. ಕನ್ನಡ ಬರೆಯಲು ಕಲಿತದ್ದು ಹೆಚ್ಚಾಗಿ ಜನರ ಮದುವೆ ಕಾರ್ಡುಗಳಿಂದಲೇ. (ಈ ಅಂಕಣದಲ್ಲಿ ಆಗಾಗ 'ತಮ್ಮ ಆಗಮನಾಭಿಲಾಷಿ' ಧಾಟಿ ನುಸುಳುವುದು ಅದಕ್ಕೇ. ಕ್ಷಮಿಸಿ.) ಯಾರ ಹೆಸರು ಮೇಲೆ, ಯಾರದ್ದು ಕೆಳಗೆ, ಯಾವ ಸೋದರಮಾವನಿಗೆ ದಪ್ಪ ಅಕ್ಷರ, ಎಲ್ಲವೂ ನನಗೆ ಬಾಯಿಪಾಠ. ಕಾರ್ಡಿನಲ್ಲಿ ಹೆಸರಿಲ್ಲವೆಂದು ಮದುವೆಗೇ ಬಾರದ ಚಿಕ್ಕಪ್ಪಂದಿರನ್ನು ನೋಡಿದ್ದೇನೆ. ನಾವು ಸತ್ತವರನ್ನೂ ಬಿಡುವುದಿಲ್ಲ, 'ದಿವಂಗತ' ಎಂದು ಸೇರಿಸಿ ಸಾಲಿನಲ್ಲಿ ಕೂರಿಸುತ್ತೇವೆ.

ಅಂಥವನು ಬದುಕಿರುವ ತಂಗಿಯನ್ನು ಬಿಟ್ಟೆ.

ಅವಳ ಹೆಸರು ನಾಗರತ್ನ. ನಮಗೆಲ್ಲ ನಾಗು. ಹಳೇಕೋಟೆಗೆ ಕೊಟ್ಟಿದ್ದೆವು. ಮೊದಲ ಮಗು ಉಳಿಯಲಿಲ್ಲ. ಆಮೇಲೆ ಅವಳ ಮನಸ್ಸು ನಿಲ್ಲಲಿಲ್ಲ. ಒಂದು ದಿನ ಗಂಡನ ಮನೆಯವರು ಅವಳನ್ನು ಕರೆತಂದರು, ನಮ್ಮ ಮನೆಯಲ್ಲಿ ಕಾಫಿ ಕುಡಿದರು, ಹೋದರು. ಮತ್ತೆ ಕರೆಯಲು ಬರಲಿಲ್ಲ. ಹದಿನೆಂಟು ವರ್ಷವಾಯಿತು.

ಅಂದಿನಿಂದ ನಮ್ಮ ಮನೆಯ ಹಿಂದಿನ ರೂಮಿನಲ್ಲಿದ್ದಾಳೆ. ಮಾತ್ರೆ ತಪ್ಪದೆ ನುಂಗಿದರೆ ನಿಮಗಿಂತ, ನನಗಿಂತ ಚೆನ್ನಾಗಿರುತ್ತಾಳೆ. ಟೈಲರ್ ಶಾಂತಕ್ಕ ಕೊಡುವ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ನನ್ನ ಮಗಳ ಧಾರೆ ಸೀರೆಯ ಕುಚ್ಚೂ ಅವಳ ಕೈಯದ್ದೇ.

ಮತ್ತೆ ಹೆಸರು ಯಾಕೆ ಬಿಟ್ಟೆ?

ಅರಕಲಗೂಡಿನ ಬೀಗರು ಹೆಣ್ಣು ನೋಡಲು ಬಂದ ದಿನ ನಾಗುವನ್ನು ಹಿಂದಿನ ಮನೆಯ ಜಯಮ್ಮನ ಹತ್ತಿರ ಕೂರಿಸಿದ್ದೆ. ಒಮ್ಮೆ ಬಚ್ಚಿಟ್ಟವಳನ್ನು ಕಾರ್ಡಿನಲ್ಲಿ ತೋರಿಸುವುದು ಹೇಗೆ? ತಂಗಿಯೆಂದು ಹಾಕಿದರೆ ಪಕ್ಕದಲ್ಲಿ ಗಂಡನ ಹೆಸರು ಬೇಕು. ಹೆಸರಿಲ್ಲದಿದ್ದರೆ ಪ್ರಶ್ನೆ ಬರುತ್ತದೆ. ಗಂಡ ಬಿಟ್ಟ ಹೆಣ್ಣುಮಕ್ಕಳ ಅಣ್ಣಂದಿರು ನನ್ನ ಪ್ರೆಸ್ಸಿಗೆ ಬಂದು ಇದೇ ಪೇಚಾಟ ತೋಡಿಕೊಂಡಾಗ ನಾನೇ ದೊಡ್ಡ ಮನುಷ್ಯನಂತೆ ಹೇಳಿದ್ದೇನೆ: "ಬರೀ ತಂಗಿ ಎಸ್ರೇ ಆಕ್ಸಿ ಸಾ, ಅದ್ರಲ್ಲೇನು ನಾಚ್ಕೆ?" ಬೇರೆಯವರ ತಂಗಿಯರ ವಿಷಯದಲ್ಲಿ ನನಗೆ ಎಷ್ಟು ಧೈರ್ಯ ನೋಡಿ.

ಪ್ರೂಫ್ ಮನೆಗೆ ತಂದಿದ್ದೆ. ಮೇಜಿನ ಮೇಲಿತ್ತು. ನಾಗು ಎತ್ತಿಕೊಂಡು ಮೇಲಿಂದ ಕೆಳಗೆ ಓದಿದಳು. ಹಿಂದೆ ತಿರುಗಿಸಿ ನೋಡಿದಳು. ಇದ್ದ ಹಾಗೆಯೇ ಮಡಿಸಿಟ್ಟು ಅಂದಳು: "ಅಕ್ಸರ ಚಂದಾಗ್ ಮೂಡವೆ ಕಣಣ್ಣ."

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮದುವೆಯ ದಿನ ಛತ್ರಕ್ಕೆ ಹೊರಡುವಾಗ, "ಮನೆ ಕಾಯಾಕೆ ಒಬ್ರು ಬೇಕಲ್ವಾ ನಾಗೂ" ಅಂದೆ. "ಊಂ, ಬೇಕಲ್ವಾ" ಅಂದಳು. ತಲೆ ಎತ್ತಲಿಲ್ಲ.

ಮದುವೆ ಮುಗಿದ ಮೇಲೆ ಮಾತ್ರೆ ನಿಲ್ಲಿಸಿದಳು. ನನಗೆ ಗೊತ್ತಾಗಲಿಲ್ಲ. ಆಮೇಲೆ ಮಾತು ನಿಲ್ಲಿಸಿದಳು. ಅದೂ ಗೊತ್ತಾಗಲಿಲ್ಲ. (ಮಾತಾಡಿಸುತ್ತಿದ್ದವನಾದರೆ ತಾನೇ ಗೊತ್ತಾಗುವುದು?) ಊಟ ನಿಲ್ಲಿಸಿದಾಗ ನನ್ನ ಹೆಂಡತಿ ಗಾಬರಿಯಾಗಿ ಕೂಗಿದಳು. ಕಾರು ಮಾಡಿಕೊಂಡು ಹಾಸನಕ್ಕೆ ಹೋಗಿ ಆಸ್ಪತ್ರೆಗೆ ಸೇರಿಸಿದೆವು.

ಮೂರು ವಾರದಲ್ಲಿ ಸುಧಾರಿಸಿದಳು. ಆಗ ಅಲ್ಲಿನ ಕೌನ್ಸೆಲರ್ ಮೇಡಂ ನಮ್ಮಿಬ್ಬರನ್ನೂ ಒಂದು ಸಣ್ಣ ರೂಮಿನಲ್ಲಿ ಕೂರಿಸಿದರು. ಚನ್ನರಾಯಪಟ್ಟಣದ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ನನ್ನ ಮುಂದೆ ಬಿಳಿ ಹಾಳೆ ಇಟ್ಟರು.

"ನಿಮ್ಮ ಮನೆಯವರನ್ನೆಲ್ಲ ಇದರಲ್ಲಿ ಬರೀರಿ ಅಣ್ಣ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ತೀರ್ಕೊಂಡಿದ್ರೆ ಅದರ ಮೇಲೆ ಇಂಟು ಮಾರ್ಕು. ಗಂಡ ಹೆಂಡತಿ ಮಧ್ಯೆ ಒಂದು ಗೆರೆ, ಮಕ್ಕಳಿಗೆ ಕೆಳಗೊಂದು ಗೆರೆ."

ಇದು ನನ್ನ ಕಸುಬು! ಖುಷಿಯಾಯಿತು. ಸ್ಕೇಲು ಬೇಡವೆಂದೆ. ಮೇಲೆ ಅಪ್ಪ ಅವ್ವ, ಇಂಟು ಮಾರ್ಕಿನೊಂದಿಗೆ. ಕೆಳಗೆ ದೊಡ್ಡಣ್ಣ, ಅತ್ತಿಗೆ, ಅವರ ಮಗ. ಪಕ್ಕದಲ್ಲಿ ನಾನು, ನನ್ನ ಹೆಂಡತಿ, ಮಗಳು, ಅಳಿಯ. ಜಾಗ ಉಳಿದಿತ್ತೆಂದು ಅರಕಲಗೂಡಿನ ಬೀಗರು, ಬೀಗಿತ್ತಿ. ಒಟ್ಟು ಹನ್ನೊಂದು ಜನ. ಎಲ್ಲ ಚೌಕಗಳೂ ಒಂದೇ ಅಳತೆ. ಹೆಮ್ಮೆಯಿಂದ ಹಾಳೆ ತಿರುಗಿಸಿ ಕೊಟ್ಟೆ.

ಮೇಡಂ ನೋಡಿದರು. ಇನ್ನೊಮ್ಮೆ ನೋಡಿದರು.

"ಅಣ್ಣ, ಇದರಲ್ಲಿ ನಾಗರತ್ನ ಎಲ್ಲಿ?"

ನನ್ನ ಕಿವಿಯೊಳಗೆ ಪ್ರೆಸ್ಸಿನ ಮೆಷಿನ್ ಓಡಿದಂತಾಯಿತು. ಯಾರಿಗೆ ಕಾಯಿಲೆಯೆಂದು ಬಂದಿದ್ದೆನೋ ಅವಳನ್ನೇ ಬರೆದಿರಲಿಲ್ಲ. ಈ ಸಲ ನಾಚಿಕೆಯಿಂದ ಬಿಟ್ಟದ್ದೂ ಅಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಪಕ್ಕದಲ್ಲಿದ್ದ ನಾಗು ನಕ್ಕಳು. "ಬುಡಿ ಮೇಡಂ. ಪ್ರೆಸ್ನಲ್ಲೂ ಅಂಗೇಯ ಅವ್ನು."

ಅಂಚಿನಲ್ಲಿ ಒಂದು ಸೊನ್ನೆ ತುರುಕಲು ಪೆನ್ನು ಎತ್ತಿದೆ. "ಈಗ ಬೇಡ, ಹಾಗೇ ಇರಲಿ" ಎಂದು ಮೇಡಂ ಹಾಳೆ ಎಳೆದುಕೊಂಡರು. ಇನ್ನೊಂದು ಹಾಳೆಯನ್ನು ನಾಗುವಿಗೆ ಕೊಟ್ಟರು. ನಡುವೆ ನಿಮ್ಮನ್ನು ಬರೀರಿ, ಸುತ್ತ ನಿಮಗೆ ಆಸರೆಯಾದವರನ್ನು ಬರೀರಿ ಅಂದರು. ಗಟ್ಟಿ ನಂಟಿಗೆ ದಪ್ಪ ಗೆರೆ, ಸಡಿಲವಾದದ್ದಕ್ಕೆ ಚುಕ್ಕಿ ಗೆರೆ, ಜಗಳವಿದ್ದರೆ ಅಂಕುಡೊಂಕು ಗೆರೆ. ಅಷ್ಟೇ ನಿಯಮ.

ನಾಗು ಮೊದಲು ಜಯಮ್ಮನಿಗೆ ದಪ್ಪ ಗೆರೆ ಎಳೆದಳು. "ದಿನಾ ಬೆಳಿಗ್ಗೆ ಕಾಂಪೌಂಡಿಂದ ಕೂಗ್ತಾಳೆ ಮೇಡಂ. ನಾಗೂ, ಎದ್ದೇನೇ, ಮಾತ್ರೆ ನುಂಗ್ದಾ ಅಂತ. ಮಗಳ ಬಾಣಂತನಕ್ಕೆ ಅಂತ ಊರಿಗೋದ್ಲು ನೋಡಿ, ಕೂಗೋರೇ ಇರ್ನಿಲ್ಲ."

ಶಾಂತಕ್ಕನಿಗೂ ದಪ್ಪ ಗೆರೆ. ಕೆಲಸ ಕೊಡುತ್ತಾಳೆಂದು ಇರಬೇಕು ಅಂದುಕೊಂಡೆ. ಅದಲ್ಲ. ಮದುವೆಯ ದಿನ ಛತ್ರದಲ್ಲಿ ಉಂಡವಳು ಎರಡು ಹೋಳಿಗೆಯನ್ನು ಎಲೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದು, ನಾಗು ತಿನ್ನುವವರೆಗೂ ಜಗಲಿಯಲ್ಲಿ ಕೂತಿದ್ದಳಂತೆ. ನೂರಾರು ಜನಕ್ಕೆ ಬಡಿಸಿದ ನನಗೆ ಇದು ಗೊತ್ತಿರಲಿಲ್ಲ.

ನನ್ನ ಹೆಂಡತಿಗೆ ಎರಡು ಗೆರೆ ಬಿತ್ತು, ಒಂದು ದಪ್ಪ, ಒಂದು ಅಂಕುಡೊಂಕು. "ಅತ್ಗೆ ಬಯ್ತಾಳೆ. ಬೈದ್ಬುಟ್ಟು ಸಾರಿಗೆ ಉಪ್ಪು ಸಾಕಾ ನೋಡು ಅಂತ ನನ್ನೇ ಕರೀತಾಳೆ."

ಕೊನೆಗೆ ಮೂಲೆಯಲ್ಲಿ ಒಂದು ಚೌಕ ಬರೆದಳು. ಅದು ನಾನು. ಗೆರೆ ಎಳೆಯದೆ ಪೆನ್ನು ಮುಚ್ಚಿದಳು.

"ಅಣ್ಣನಿಗೆ ಗೆರೆ ಇಲ್ವಾ?" ಮೇಡಂ ಕೇಳಿದರು.

"ಊಟಕ್ಕಾಕ್ತಾನೆ. ಮಾತ್ರೆ ತಂದು ಕಿಟಕಿ ಮೇಲೆ ಇಟ್ಟೋಯ್ತಾನೆ. ಜಗಳ ಆಡಲ್ಲ, ಮಾತೂ ಆಡಲ್ಲ. ಅದಕ್ಕೆ ಯಾವ್ ಗೆರೆ ಮೇಡಂ? ನೀವು ಯೇಳ್ಕೊಟ್ಟಿದ್ರಲ್ಲಿ ಇಲ್ವಲ್ಲ."

ನಾವು ಕುಟುಂಬವೆಂದರೆ ಹೆಸರುಗಳ ಸಾಲು ಎಂದುಕೊಂಡಿದ್ದೇವೆ. ಕಾರ್ಡಿನಲ್ಲಿ ಹೆಸರು, ರೇಷನ್ ಕಾರ್ಡಿನಲ್ಲಿ ಹೆಸರು, ಮೊಬೈಲಿನ ಫ್ಯಾಮಿಲಿ ಗ್ರೂಪಿನಲ್ಲಿ ಹೆಸರು. ಹೆಸರಿನಿಂದ ಹೆಸರಿಗೆ ಏನು ಹರಿಯುತ್ತಿದೆ ಎಂದು ಯಾರು ನೋಡುತ್ತಾರೆ? ಸಾಕಿದ್ದೇನೆ, ಔಷಧಿ ಕೊಡಿಸಿದ್ದೇನೆ ಎಂದು ಹದಿನೆಂಟು ವರ್ಷ ಬೀಗಿದವನ ಚೌಕ ಬೇಲಿಯಾಚೆಗೆ ಬಿದ್ದಿತ್ತು. ಬರೀ ಒಂದು ಕೂಗು ಹಾಕಿದ ಜಯಮ್ಮ ಒಳಗಿದ್ದಳು.

(ಇದನ್ನು ಬರೆಯಲು ನಾಗು ಒಪ್ಪಿದ್ದಾಳೆ. ಮೊದಲು ತಾನೇ ಓದಿ ಎರಡು ಸಾಲು ಹೊಡೆದು ಹಾಕಿದಳು. ಯಾವುದೆಂದು ಕೇಳಬೇಡಿ.)

ಮೇಡಂ ವಿಷಯಕ್ಕೆ ಬಂದರು. ಶನಿವಾರ ಡಿಸ್ಚಾರ್ಜ್. ಆದರೆ ನಾಗು ನಮ್ಮ ಮನೆಗೆ ಬರುವುದಿಲ್ಲ ಎನ್ನುತ್ತಿದ್ದಾಳೆ, ಯಾವುದಾದರೂ ಆಶ್ರಮಕ್ಕೆ ಸೇರಿಸಿ ಎಂದು ಹಟ ಹಿಡಿದಿದ್ದಾಳೆ. ಇದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಬಾಯಿಗೆ ಮೊದಲು ಬಂದದ್ದೇನು ಗೊತ್ತೇ? "ಜನ ಏನಂದಾರು?"

"ಯಾವ ಜನ ಅಣ್ಣ? ಆ ಹನ್ನೊಂದು ಜನಾನಾ?" ಎಂದರು ಮೇಡಂ.

ನಾನು ಬೀಗರ ಕಥೆ ಶುರು ಮಾಡಿದೆ. ಮಗಳ ಭವಿಷ್ಯ ಅಂದೆ. ಗಂಡನ ಹೆಸರಿನ ತೊಡಕು ಅಂದೆ. ನಾಗು ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಮಾತು ನನಗೇ ತಪ್ಪುಗಳೇ ತುಂಬಿದ ಪ್ರೂಫಿನಂತೆ ಕಾಣಿಸಿ ನಿಲ್ಲಿಸಿದೆ.

"ಸಾರಿ ನಾಗು" ಅಂದೆ.

ಅವಳು ತಿರುಗಿದಳು. "ಸಾರಿ ಬ್ಯಾಡ. ಅದ್ನ ಬಸ್ನಲ್ಲಿ ಕಾಲು ತುಳುದ್ರೂ ಅಂತಾರೆ. ಏನ್ ಮಾಡ್ದೆ ಅಂತ ಬಾಯ್ಬುಟ್ಟು ಯೇಳು. ನಾನು ಬರಾದೋ ಬ್ಯಾಡ್ವೋ ಆಮೇಲೆ."

ರೂಮಿನ ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ನಾಲ್ಕಾರು ಜನ ಕೂತಿದ್ದರು. ಎದ್ದು ಬಾಗಿಲು ಹಾಕೋಣ ಅನ್ನಿಸಿತು. ಹಾಕಲಿಲ್ಲ. ಎಲ್ಲರಿಗೂ ಕೇಳಿಸುವಂತೆ ಹೇಳಿದೆ:

"ಕಾರ್ಡ್ನಲ್ಲಿ ನಿನ್ ಎಸ್ರು ನಾನು ಮರ್ತಿರ್ಲಿಲ್ಲ ಕಣವ್ವ. ನೀನು ನನ್ ತಂಗಿ ಅಂತ ಯೇಳ್ಕಳಾಕೆ ನಾಚ್ಕೊಂಡೆ. ಮನೆಗೆ ಬೀಗ ಆಕಿದ್ರೆ ಸಾಕಿತ್ತು, ನಿನ್ನ ಕಾಯಾಕೆ ಕೂರಿಸ್ಬುಟ್ಟು ಛತ್ರಕ್ಕೋದೆ. ತಪ್ಪಾಯ್ತು ನಾಗೂ."